ಕ್ಷಮೆ ಕೇಳಿದ ಮೇಲೂ ಮಕ್ಕಳನ್ನು ಕರೆದೊಯ್ಯುತ್ತಾರಾ?

ಆಸ್ಟ್ರೇಲಿಯಾದ ಮೂಲನಿವಾಸಿ ಮಕ್ಕಳನ್ನು ಹಿಂದೆ ಸರ್ಕಾರವೇ ಮನೆಯಿಂದ ಬಲವಂತವಾಗಿ ಕರೆದೊಯ್ದಿದ್ದಕ್ಕೆ 2008ರಲ್ಲಿ ಆಗಿನ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲೇ ಕ್ಷಮೆ ಕೇಳಿದ್ದಾರಲ್ಲ, ಈಗಲೂ ಹಾಗೆ ಕರೆದೊಯ್ಯುತ್ತಾರಾ ಅಂತ ಕೇಳಿದ್ದೀರಿ. ಹೌದು. ಮೆಲ್ಬರ್ನ್‌ಗೆ ಬಂದ ಹೊಸದರಲ್ಲಿ ನಾನೂ ಅದು ಹಳೇ ಕಥೆ ಅಂದುಕೊಂಡಿದ್ದೆ.

ಹಾಗೆ ಕರೆದೊಯ್ದ ಮಕ್ಕಳ ಬಗ್ಗೆ 1997ರಲ್ಲಿ 'ಬ್ರಿಂಗಿಂಗ್ ದೆಮ್ ಹೋಮ್' ಅನ್ನುವ ವರದಿ ಬಂದಾಗ ಸರ್ಕಾರದ ಆರೈಕೆಯಲ್ಲಿದ್ದ ಐದು ಮಕ್ಕಳಲ್ಲಿ ಒಂದು ಮೂಲನಿವಾಸಿಗಳ ಮಗು. ಈಗ ಐದರಲ್ಲಿ ಎರಡು. ದೇಶದ ಒಟ್ಟು ಮಕ್ಕಳಲ್ಲಿ ಅವರು ಸುಮಾರು 6% ಅಷ್ಟೇ.

1915ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ ಕಾನೂನು ತಿದ್ದಿದ ಮೇಲೆ ಮೂಲನಿವಾಸಿ ಮಗುವನ್ನು ಕರೆದೊಯ್ಯಲು ತಾಯಿಯ ತಪ್ಪೇನು ಅಂತ ಕೋರ್ಟಿಗೆ ತೋರಿಸುವ ಗೋಜೂ ಇರಲಿಲ್ಲ. ಈಗ ಕೋರ್ಟ್ ಇದೆ, ಕಾರಣ ಬರೆಯಬೇಕು. ಕೆಲವು ಮನೆಗಳಲ್ಲಿ ಮಗುವಿಗೆ ನಿಜವಾಗಿಯೂ ಅಪಾಯ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ 'ನಿರ್ಲಕ್ಷ್ಯ' ಅಂತ ಬರೆದ ಕಡೆ ಎಷ್ಟೋ ಸಲ ಇರುವುದು ಬಡತನ: ಬಾಡಿಗೆಗೆ ಮನೆ ಸಿಕ್ಕಿಲ್ಲ, ನೆಂಟರ ಮನೆಯಲ್ಲಿ ಒತ್ತೊತ್ತಾಗಿ ಮಲಗುತ್ತಾರೆ. ಗಂಡ ಹೊಡೆದ ಅಂತ ಪೊಲೀಸರಿಗೆ ಫೋನ್ ಮಾಡಿದರೆ ವಿಷಯ ಮಕ್ಕಳ ರಕ್ಷಣಾ ಇಲಾಖೆಗೂ ಹೋಗಬಹುದು, ಹಾಗಾಗಿ ಫೋನೇ ಮಾಡದವರಿದ್ದಾರೆ. ಅಜ್ಜಿಯನ್ನು ಸಣ್ಣವಳಿದ್ದಾಗ ಎತ್ತಿಕೊಂಡು ಹೋದ ಕಥೆ ಕೇಳಿ ಬೆಳೆದವಳು ಈ ಇಲಾಖೆಯವರನ್ನು ಹೇಗೆ ನಂಬಬೇಕು, ಹೇಳಿ?

ನನಗೆ ಸಿಟ್ಟು ಬರುವುದು ಗಡುವಿನ ವಿಷಯಕ್ಕೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 2016ರಿಂದ ಜಾರಿಯಾದ ಕಾನೂನು ತಿದ್ದುಪಡಿಯ ಪ್ರಕಾರ, ಮಗುವನ್ನು ಮನೆಯಿಂದ ಕರೆದೊಯ್ದ ಮೇಲೆ ತಾಯಿತಂದೆ ಎಲ್ಲ ಸರಿಮಾಡಿಕೊಳ್ಳಲು ಸಾಮಾನ್ಯವಾಗಿ 12 ತಿಂಗಳು, ಹೆಚ್ಚೆಂದರೆ 24. ಆಗದಿದ್ದರೆ ಮುಂದಿನ ದಾರಿ ಶಾಶ್ವತ ಆರೈಕೆ, ಅಂದರೆ 18 ತುಂಬುವವರೆಗೆ ಬೇರೆಯವರ ಸುಪರ್ದಿ. ಮಗು ಮನೆಯಿಂದ ಮನೆಗೆ ಅಲೆಯಬಾರದು ಅನ್ನುವ ಉದ್ದೇಶವೇನೋ ಸರಿ. ಆದರೆ ಸರ್ಕಾರಿ ಮನೆಗೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಸರದಿಯಲ್ಲಿರುತ್ತಾರೆ, ಮನೆ ಇಲ್ಲದೆ ಮಗು ವಾಪಸ್ ಬರುವುದಿಲ್ಲ, ಅತ್ತ ತಿಂಗಳುಗಳು ಓಡುತ್ತಲೇ ಇರುತ್ತವೆ.

ಮೊದಲು ನೆಂಟರ ಮನೆಯನ್ನೇ ಹುಡುಕಬೇಕು ಅನ್ನುವ ನಿಯಮ ಎಲ್ಲ ರಾಜ್ಯಗಳಲ್ಲೂ ಇದೆ. ಮೂಲನಿವಾಸಿಗಳ ಎಷ್ಟೋ ಸಮುದಾಯಗಳಲ್ಲಿ ತಾಯಿಯ ಅಕ್ಕತಂಗಿಯರೂ ತಾಯಂದಿರೇ, ನಮ್ಮ ದೊಡ್ಡಮ್ಮ, ಚಿಕ್ಕಮ್ಮನ ಹಾಗೆ. ಆದರೆ ಆ ದೊಡ್ಡಮ್ಮನ ಮನೆಯಲ್ಲಿ ಕೋಣೆ ಸಾಲದು, ಎಂದೋ ಒಂದು ಪೊಲೀಸ್ ಕೇಸ್ ಇತ್ತು ಅಂತ ಅರ್ಜಿ ಹಂತದಲ್ಲೇ ಬಿದ್ದುಹೋಗಬಹುದು.

2017ರಿಂದ ಇಲ್ಲಿ ವಾಕಾ ಅನ್ನುವ, ಮೂಲನಿವಾಸಿಗಳೇ ನಡೆಸುವ ಸಂಸ್ಥೆಗೆ ಕೆಲವು ಮಕ್ಕಳ ಪೂರ್ತಿ ಹೊಣೆ ಕೊಟ್ಟಿದ್ದಾರೆ. ಆ ಮಕ್ಕಳ ವಿಷಯದಲ್ಲಿ ತೀರ್ಮಾನ ಇಲಾಖೆಯದ್ದಲ್ಲ, ಅವರದ್ದು. ಇಷ್ಟು ತಡವಾಗಿ ಯಾಕೆ ಹೊಳೆಯಿತೋ ಗೊತ್ತಿಲ್ಲ.