ಹಗಲು ಮಲಗುವ ಸೊಸೆಗೆ ಕತ್ತಲೆ ಬೇಕು

ರಾತ್ರಿ ಪಾಳಿಯ ನರ್ಸುಗಳು, ಕಾಲ್ ಸೆಂಟರ್ ಹುಡುಗರು, ಸೆಕ್ಯುರಿಟಿಯವರು ಆಪ್ತಸಲಹೆಗೆ ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ನಿದ್ದೆ ಇಲ್ಲ, ಸಿಟ್ಟು ಜಾಸ್ತಿ, ಮನೆಯಲ್ಲಿ ಬೈಗುಳ. ಅದಕ್ಕೇ ಒಬ್ಬರ ವಿಷಯ, ಗುರುತು ಬದಲಿಸಿ, ಬರೆಯುತ್ತಿದ್ದೇನೆ.

ಆಕೆ ನರ್ಸ್. ಚಿಕ್ಕ ಮಗುವಿದೆ. ಮಗುವಿನ ಮೇಲೆ ರೇಗಿ ಆಮೇಲೆ ಅಳುತ್ತಾರೆ. "ನಾನು ಒಳ್ಳೇ ತಾಯಿ ಅಲ್ಲ ಮೇಡಂ" ಎಂದೇ ಮಾತು ಶುರು ಮಾಡಿದ್ದರು.

ಒಂದು ದಿನ ಅತ್ತೆಯೂ ಜೊತೆಗೆ ಬಂದರು. ಸೊಸೆಯ ಕೋಣೆಗೆ ದಪ್ಪ ಪರದೆ ಹಾಕಿ ಎಂದೆ. "ಹಗಲು ಹೊತ್ತು ಮನೆ ಕತ್ತಲೆ ಮಾಡಿದ್ರೆ ಲಕ್ಷ್ಮಿ ಬರ್ತಾಳಾ? ಮನಸ್ಸು ಗಟ್ಟಿ ಇದ್ರೆ ನಿದ್ದೆ ತಾನಾಗೇ ಬರುತ್ತೆ" ಎಂದರು ಅತ್ತೆ. ಸೊಸೆ ತಲೆ ತಗ್ಗಿಸಿದರು. ತನ್ನ ಮನಸ್ಸೇ ಸರಿಯಿಲ್ಲ ಎಂದು ಆಕೆಯೂ ನಂಬಿಬಿಟ್ಟಿದ್ದರು.

ಹಾಗಾಗಿ ಅವತ್ತು ಪೀನಿಯಲ್ ಗ್ರಂಥಿಯ ಬಗ್ಗೆ ಮಾತಾಡಿದೆ. ಮಿದುಳಿನ ನಡುವೆ ಅಕ್ಕಿ ಕಾಳಿನಷ್ಟಿರುವ ಗ್ರಂಥಿ ಅದು. ರಾತ್ರಿಯಾಯಿತು ಎಂದು ಮೈಗೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಅಲ್ಲಿ ತಯಾರಾಗುತ್ತದೆ. ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿ ಮೊದಲು ಮಿದುಳಿನ ಗಡಿಯಾರಕ್ಕೆ, ಅಲ್ಲಿಂದ ಬೆನ್ನುಹುರಿ ಮತ್ತು ಕತ್ತಿನ ನರಗಳ ಮೂಲಕ ಈ ಗ್ರಂಥಿಗೆ ತಲುಪುತ್ತದೆ. ರಾತ್ರಿ ಆ ನರಗಳಿಂದ ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕ ಬರುತ್ತದೆ, ಮೆಲಟೋನಿನ್ ತಯಾರಿಸುವ ಕಿಣ್ವ ಹೆಚ್ಚುತ್ತದೆ. ಇಲಿಗಳಲ್ಲಿ ಆ ಕಿಣ್ವ ತಯಾರಿಸು ಎಂದು ಜೀನ್ ಕಳಿಸುವ ಸಂದೇಶ ರಾತ್ರಿ 100 ಪಟ್ಟಿಗೂ ಹೆಚ್ಚಾಗುತ್ತದೆ. ನಮ್ಮಲ್ಲಿ ಜೀನ್ ಅಷ್ಟು ಏರಿಳಿಯುವುದಿಲ್ಲ, ಕಿಣ್ವ ಉಳಿಯುತ್ತದೋ ಇಲ್ಲವೋ ಎನ್ನುವುದೇ ಮುಖ್ಯ. ರಾತ್ರಿ ಜೋರು ಬೆಳಕು ಬಿದ್ದರೆ ಅದು ಬೇಗ ಒಡೆದುಹೋಗುತ್ತದೆ. ಇದರಲ್ಲಿ ಮನಸ್ಸಿನ ಗಟ್ಟಿತನ ಎಲ್ಲಿ ಬಂತು, ಹೇಳಿ ಅಮ್ಮ?

"ಹಾಗಾದ್ರೆ ಕಿಟಕಿ ಮುಚ್ಚಿದ್ರೆ ಹಗಲೂ ಅದು ಬರುತ್ತಾ?" ಎಂದರು ಅತ್ತೆ.

ತುಂಬಾ ಒಳ್ಳೇ ಪ್ರಶ್ನೆ. ಇಲ್ಲ ಎಂದೆ. ಒಳಗಿನ ಗಡಿಯಾರ ಹಗಲು ಎನ್ನುತ್ತಿರುವಾಗ ಸುಮ್ನೆ ಕತ್ತಲೆ ಮಾಡಿದರೆ ಮೆಲಟೋನಿನ್ ಏರುವುದಿಲ್ಲ. ಆದರೆ ಬೆಳಗಿನ ಬಿಸಿಲು ಆ ಗಡಿಯಾರವನ್ನು ಹಗಲಿಗೇ ಕಟ್ಟಿಹಾಕುತ್ತದೆ. ಕತ್ತಲೆಯಲ್ಲಿ ಬಂದಷ್ಟು ನಿದ್ದೆಯಾದರೂ ಉಳಿಯುತ್ತದೆ.

ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬರುವಾಗ ಕಪ್ಪು ಕನ್ನಡಕ ಹಾಕಿ, ನಿದ್ದೆಗಣ್ಣಿನಲ್ಲಿ ಸ್ಕೂಟರ್ ಬೇಡ ಎಂದೆ. ಡಾಕ್ಟರನ್ನು ಕೇಳದೆ ಮೆಲಟೋನಿನ್ ಮಾತ್ರೆ ಬೇಡ. ಪಾಳಿ ಪದೇಪದೇ ಬದಲಾಗದಂತೆ ಆಸ್ಪತ್ರೆಗೆ ಅರ್ಜಿ ಕೊಡಿ.

ಆಪ್ತಸಲಹೆಯಲ್ಲಿ ಜೀವಶಾಸ್ತ್ರದ ಪಾಠ ಯಾಕೆ ಎಂದು ಒಬ್ಬ ಸಹೋದ್ಯೋಗಿ ಕೇಳಿದರು. ಮೈಯ ಕಷ್ಟವನ್ನು ಗುಣದ ದೋಷ ಅಂದುಕೊಂಡು ಕೊರಗುವವರಿಗೆ ಸಮಾಧಾನದ ಮಾತಷ್ಟೇ ಸಾಲುವುದಿಲ್ಲ. ಕಾರಣ ಗೊತ್ತಾಗಬೇಕು, ಬೈಯುವವರಿಗೂ ಗೊತ್ತಾಗಬೇಕು.

ಬೆಳಗಿನ ಪೂಜೆ ಆಗುವ ತನಕ ಕಿಟಕಿ ತೆರೆದಿರಬೇಕು, ಸಂಜೆ ದೀಪ ಹಚ್ಚುವ ಮೊದಲು ಪರದೆ ಸರಿಸಬೇಕು ಎಂಬ ಷರತ್ತಿನ ಮೇಲೆ ಅತ್ತೆ ಒಪ್ಪಿದರು. ನನಗೇನೂ ತಕರಾರಿಲ್ಲ. ನಿದ್ದೆ ಈಗ ಮೊದಲಿಗಿಂತ ವಾಸಿ, ಪೂರ್ತಿ ಸರಿಹೋಗಿಲ್ಲ. ಪಾಳಿಯ ಅರ್ಜಿಗೆ ಉತ್ತರ ಬಂದಿಲ್ಲ. ಮತ್ತೆ ಕೇಳಿ ಎಂದಿದ್ದೇನೆ.