ಬಾಯ್ಲರ್ ಬದಲಾಯ್ಸೋಕೆ ಮುಂಚೆ ಒಂದ್ಸಲ ರೇಡಿಯೇಟರ್ ನೀರು ನೋಡಿ

ಇಂಗ್ಲೆಂಡಲ್ಲಿ ಚಳಿ ಶುರುವಾಗ್ತಿದ್ದಂಗೆ ನಮ್ಮ ಕನ್ನಡದವರಿಂದ ಬರೋ ಪ್ರಶ್ನೆಗಳಲ್ಲಿ ಮುಕ್ಕಾಲುಪಾಲು, ಗ್ಯಾಸಲ್ಲಿ ನೀರು ಕಾಯಿಸಿ ಗೋಡೆಗೆ ಹಾಕಿರೋ ರೇಡಿಯೇಟರ್‌ಗಳಿಗೆ ಕಳಿಸಿ ಮನೆ ಬೆಚ್ಚಗಿಡೋ ಬಾಯ್ಲರ್‌ದೇ. ಈ ಸಲ ಮೂರು ತಗೊಂಡಿದೀನಿ, ಮೊದಲನೇದಕ್ಕೆ ಉತ್ತರ ಸ್ವಲ್ಪ ಉದ್ದ ಆಯ್ತು.

ಪ್ರಶ್ನೆ: ರೆಡಿಂಗ್‌ನಲ್ಲಿ 1970ರ ದಶಕದ ಮೂರು ಬೆಡ್‌ರೂಮಿನ ಸೆಮಿ ಡಿಟ್ಯಾಚ್ಡ್ ಮನೆ, ಹೋದ ವರ್ಷ ತಗೊಂಡ್ವಿ. ಹೀಟಿಂಗು, ನಲ್ಲಿ ಬಿಸಿನೀರು ಎರಡಕ್ಕೂ ಒಂದೇ ಕಾಂಬಿ ಬಾಯ್ಲರ್, 17 ವರ್ಷ ಹಳೇದು. ಒಂಬತ್ತು ರೇಡಿಯೇಟರ್ ಇದೆ, ಅದ್ರಲ್ಲಿ ಹಾಲ್‌ದು ಮತ್ತೆ ಡೈನಿಂಗ್ ರೂಮ್‌ದು ಮೇಲ್ಗಡೆ ಬಿಸಿ, ಕೆಳಗಡೆ ಮುಟ್ಟಿದ್ರೆ ತಣ್ಣಗೆ. ಮೂರು ಜನರ ಹತ್ರ ಕೊಟೇಶನ್ ತಗೊಂಡೆ. ಒಬ್ರು 35 ಕಿಲೋವ್ಯಾಟ್ ಹಾಕಿಸಿ, ಪವರ್ ಫ್ಲಶ್ ಆಗ್ಲೇಬೇಕು ಅಂತಾರೆ. ಇನ್ನೊಬ್ರು ಕೆಮಿಕಲ್ ಹಾಕಿ ತೊಳೆದ್ರೆ ಸಾಕು ಅಂತಾರೆ. ಮೂರನೆಯವರು ಅದ್ಯಾವುದೂ ಬೇಡ, ಒಂದೇ ದಿನದಲ್ಲಿ ಬದಲಾಯ್ಸಿ ಕೊಡ್ತೀನಿ ಅಂತ ಎಲ್ರಿಗಿಂತ ಕಮ್ಮಿ ರೇಟ್ ಹೇಳಿದಾರೆ. ಡಿಸೆಂಬರ್‌ನಲ್ಲಿ ಹಾಸನದಿಂದ ಅಪ್ಪ ಅಮ್ಮ ಬರ್ತಿದಾರೆ, ಅದಕ್ಕೇ ಅರ್ಜೆಂಟು. ಯಾರ ಮಾತು ಕೇಳ್ಲಿ ಸಾರ್?

ಉತ್ತರ: ಮೂರನೆಯವರನ್ನ ಮೊದ್ಲು ಲಿಸ್ಟಿಂದ ತೆಗ್ದುಬಿಡಿ. ಅವರ ರೇಟ್ ಕಮ್ಮಿ ಯಾಕಂದ್ರೆ ಅರ್ಧ ಕೆಲಸ ಲೆಕ್ಕಕ್ಕೇ ಹಿಡಿದಿಲ್ಲ.

ನಿಮ್ಮ ಪ್ರಶ್ನೆ ಓದಿದಾಗ ನಂಗೆ ಬಾಯ್ಲರ್‌ಗಿಂತ ಜಾಸ್ತಿ ಯೋಚನೆ ಹತ್ತಿದ್ದು ಆ ಎರಡು ರೇಡಿಯೇಟರ್‌ದು. ಮೇಲೆ ತಣ್ಣಗಿದ್ದು ಕೆಳಗೆ ಬಿಸಿ ಇದ್ರೆ ಗಾಳಿ ಸೇರ್ಕೊಂಡಿದೆ ಅಂತ, ಕೀ ಹಾಕಿ ಗಾಳಿ ಬಿಟ್ರೆ ಐದು ನಿಮಿಷದಲ್ಲಿ ಮುಗೀತು. ನಿಮ್ಮದು ಉಲ್ಟಾ. ಕಾಫಿ ಫಿಲ್ಟರ್ ತಳದಲ್ಲಿ ಗಸಿ ಕೂರಲ್ವಾ, ಹಾಗೆ ರೇಡಿಯೇಟರ್ ತಳದಲ್ಲಿ ಗಸಿ ಕೂತಿದೆ, ಬಿಸಿನೀರು ಅದ್ರ ಮೇಲಿಂದ ಹಾದು ಹೋಗ್ತಿದೆ.

ಈ ಗಸಿ ಹೊರಗಿಂದ ಬಂದಿದ್ದಲ್ಲ. ರೇಡಿಯೇಟರ್ ಅಂದ್ರೆ ಸ್ಟೀಲ್ ತಗಡು, ಪೈಪು ತಾಮ್ರದ್ದು, ಒಳಗೆ ಅದೇ ನೀರು ವರ್ಷಗಟ್ಟಲೆ ಸುತ್ತುತ್ತಾ ಇರುತ್ತೆ, ಆಕ್ಸಿಜನ್ ಸಿಕ್ಕಿದಾಗೆಲ್ಲ ತಗಡು ಒಳಗಿಂದ ತುಕ್ಕು ಹಿಡಿಯುತ್ತೆ. ಬೋರ್‌ವೆಲ್ ಪೈಪಲ್ಲಿ ನೋಡಿರ್ತೀರಲ್ಲ ಆ ಕೆಂಪು ತುಕ್ಕಲ್ಲ, ಇದು ಕಪ್ಪು, ಮ್ಯಾಗ್ನಟೈಟ್ ಅಂತಾರೆ, ಕಾಡಿಗೆ ತರ ನುಣ್ಣಗಿರುತ್ತೆ, ಆಯಸ್ಕಾಂತ ಹಿಡಿದ್ರೆ ಅಂಟ್ಕೊಳ್ಳುತ್ತೆ. ಹಳೇ ಕಾಲದ ಬೀಡು ಕಬ್ಬಿಣದ ಬಾಯ್ಲರ್‌ಗಳಲ್ಲಿ ನೀರಿನ ದಾರಿ ಅಗಲ ಇತ್ತು, ಎಷ್ಟೇ ಗಸಿ ಬಂದ್ರೂ ಹೆಂಗೋ ಏಗ್ತಿದ್ವು. ಈಗಿನವುಗಳ ಹೀಟ್ ಎಕ್ಸ್‌ಚೇಂಜರ್ (ಉರಿಯ ಶಾಖ ನೀರಿಗೆ ದಾಟೋ ಭಾಗ) ದಾರಿ ತೀರ ಸಣ್ಣದು. ಹಳೇ ಕೊಳೆ ನೀರಿಗೆ ಹೊಸ ಬಾಯ್ಲರ್ ಕೂರಿಸಿದ್ರೆ ಅಷ್ಟೂ ಗಸಿ ಬಂದು ಅಲ್ಲೇ ಸಿಕ್ಕಾಕೊಳ್ಳುತ್ತೆ.

ಇದನ್ನ ನಾನು ಪುಸ್ತಕ ಓದಿ ಕಲಿತಿದ್ದಲ್ಲ. ಕೆಲಸಕ್ಕೆ ಬಂದ ಹೊಸದ್ರಲ್ಲಿ ಒಂದು ಮನೇಲಿ ಅವಸರ ಅಂತ ಬರೀ ನೀರು ಬಿಟ್ಟು ತೊಳೆದಂಗೆ ಮಾಡಿ ಹೊಸದು ಕೂರಿಸಿ ಬಂದೆ. ಎರಡನೇ ಚಳಿಗಾಲಕ್ಕೆ ಫೋನ್, ಬಾಯ್ಲರ್ ಕೆಟಲ್ ತರ ಸದ್ದು ಮಾಡ್ತಿದೆ ಅಂತ. ಬಿಚ್ಚಿ ನೋಡಿದ್ರೆ ಎಕ್ಸ್‌ಚೇಂಜರ್ ಒಳಗೆ ಕಪ್ಪು ಪೇಸ್ಟು ಗಟ್ಟಿ ಕಟ್ಟಿದೆ. ಕಂಪನಿಯವರು ನೀರಿನ ಸ್ಯಾಂಪಲ್ ತಗೊಂಡು ಹೋಗಿ ವಾರಂಟಿ ಬರಲ್ಲ ಅಂದ್ರು, ಅವರ ತಪ್ಪೇನಿಲ್ಲ ಬಿಡಿ. ಆ ಪಾರ್ಟಿನ ದುಡ್ಡು ನನ್ನ ಜೇಬಿಂದ ಹೋಯ್ತು.

ಈಗ ಪವರ್ ಫ್ಲಶ್ಸಾ ಕೆಮಿಕಲ್ಲಾ ಅನ್ನೋದು. ನೀರು ನೋಡದೇ ಈ ಎರಡರಲ್ಲಿ ಯಾವುದನ್ನೇ ಹೇಳಿದ್ರೂ ಅದು ಅಂದಾಜು ಅಷ್ಟೇ. ನಾನು ಕೊಟೇಶನ್‌ಗೆ ಹೋದ್ರೆ ಕೆಳಗಿನ ಮಹಡಿ ರೇಡಿಯೇಟರ್‌ದು ಒಂದು ಲೋಟ ನೀರು ಗಾಜಿನ ಬಾಟ್ಲಿಗೆ ಹಿಡಿದು ಟೇಬಲ್ ಮೇಲೆ ಇಡ್ತೀನಿ, ಟೀ ಕುಡಿಯೋ ಹೊತ್ತಿಗೆ ಅದೇ ಎಲ್ಲ ಹೇಳುತ್ತೆ. ತಿಳಿಯಾಗಿದ್ರೆ ಸಾಮಾನ್ಯ ತೊಳೆತ ಸಾಕು. ಕಷಾಯದ ಬಣ್ಣ ಇದ್ರೆ ಕೆಮಿಕಲ್. ಮಸಿ ತರ ಇದ್ದು ತಳದಲ್ಲಿ ಬೆರಳ ದಪ್ಪ ಕೂತ್ರೆ ಆಗ ಪವರ್ ಫ್ಲಶ್ ಮಾತು, ಅಂದ್ರೆ ದೊಡ್ಡ ಪಂಪಿನ ಮಿಷನ್ ಕೂರಿಸಿ ನೀರನ್ನ ಹಿಂದೆ ಮುಂದೆ ಎರಡೂ ದಿಕ್ಕಿಗೆ ಜೋರಾಗಿ ಓಡಿಸಿ ಒಂದೊಂದೇ ರೇಡಿಯೇಟರ್‌ನ ಬೇರೆಬೇರೆಯಾಗಿ ತೊಳೆಯೋದು. ಒಂಬತ್ತು ರೇಡಿಯೇಟರ್ ಅಂದ್ರೆ ನೆಟ್ಟಗೆ ಮಾಡಿದ್ರೆ ಇಡೀ ದಿನ ಹಿಡಿಯುತ್ತೆ, ಎರಡು ಗಂಟೇಲಿ ಮುಗಿಸಿ ಹೊರಟ್ರು ಅಂದ್ರೆ ಅದು ಫ್ಲಶ್ ಅಲ್ಲ. ಆಮೇಲೆ 70ರ ದಶಕದ ಮನೆಗಳಲ್ಲಿ ಕೆಲವು ಕಡೆ 8 ಅಥವಾ 10 ಮಿಲಿಮೀಟರ್‌ನ ಸಣ್ಣ ಪೈಪು ಇರುತ್ತೆ, ಮೈಕ್ರೋಬೋರ್ ಅಂತಾರೆ, ಅದು ಪೂರ್ತಿ ಕಟ್ಕೊಂಡಿದ್ರೆ ಯಾವ ಮಿಷನ್ನಿಗೂ ಜಗ್ಗಲ್ಲ, ಪೈಪೇ ಬದಲಾಯ್ಸಬೇಕು. ರೇಡಿಯೇಟರ್ ವಾಲ್ವಿಗೆ ಬರೋ ಪೈಪು ಪೆನ್ಸಿಲ್ ದಪ್ಪ ಇದ್ಯಾ ನೋಡ್ಕೊಳ್ಳಿ.

ನಿಮ್ಮ ಮನೇಲಿ ಎರಡೇ ಎರಡು ಕೆಟ್ಟಿರೋದ್ರಿಂದ ನಾನಾಗಿದ್ರೆ ಹೀಗೆ ಮಾಡ್ತಿದ್ದೆ. ಹಳೇ ಬಾಯ್ಲರ್ ಇನ್ನೂ ಓಡ್ತಿದೆಯಲ್ಲ, ಅದರ ಸಿಸ್ಟಮ್ಮಿಗೇ ಕ್ಲೀನರ್ ಕೆಮಿಕಲ್ ಹಾಕಿ ಒಂದು ವಾರ ಹೀಟಿಂಗ್ ಓಡಿಸೋದು. ಬದಲಾಯ್ಸೋ ದಿನ ಆ ಎರಡು ರೇಡಿಯೇಟರ್‌ನ ಗೋಡೆಯಿಂದ ಕಳಚಿ, ತೂತುಗಳನ್ನ ಮುಚ್ಚಿ ಹಿತ್ತಲಿಗೆ ಹೊತ್ಕೊಂಡು ಹೋಗಿ ಹೋಸ್ ಪೈಪ್ ಇಟ್ಟು, ರಬ್ಬರ್ ಸುತ್ತಿಗೇಲಿ ತಟ್ಟಿ ತಟ್ಟಿ ತೊಳೆಯೋದು. ಮೊದಲ ಎರಡು ಬಕೆಟ್ ನೀರು ಡಾಂಬರ್ ತರ ಬರುತ್ತೆ, ನೋಡೋಕೇ ಒಂಥರಾ ಖುಷಿ. ಉಳಿದ ಸಿಸ್ಟಮ್ ನೀರು ತಿಳಿಯಾಗೋ ತನಕ ಹರಿಸಬೇಕು. ರೇಡಿಯೇಟರ್ ಕಳಚೋವಾಗ ಕಾರ್ಪೆಟ್ ಮೇಲೆ ಹಳೇ ಬೆಡ್‌ಶೀಟಲ್ಲ, ಪ್ಲಾಸ್ಟಿಕ್ ಹಾಸಿ, ಆ ಕಪ್ಪು ಕಲೆ ಜನ್ಮಕ್ಕೂ ಹೋಗಲ್ಲ.

35 ಕಿಲೋವ್ಯಾಟ್ ವಿಷಯ. ಕಾಂಬೀಲಿ ಆ ದೊಡ್ಡ ನಂಬರ್ ಇರೋದು ನಲ್ಲಿ ಬಿಸಿನೀರಿಗೆ, ಮನೆ ಬೆಚ್ಚಗಿಡೋಕಲ್ಲ. ನಿಮ್ಮಂಥ ಮನೇಗೆ ತೀರ ಚಳಿ ದಿನ ಕೂಡ 6ರಿಂದ 8 ಕಿಲೋವ್ಯಾಟ್ ಆಸುಪಾಸಲ್ಲೇ ಹೀಟಿಂಗ್ ಆಗೋಗುತ್ತೆ. ತಣ್ಣೀರನ್ನ 35 ಡಿಗ್ರಿ ಏರಿಸೋ ಲೆಕ್ಕದಲ್ಲಿ 24 ಕಿಲೋವ್ಯಾಟ್ ನಿಮಿಷಕ್ಕೆ ಸುಮಾರು 10 ಲೀಟರ್ ಕೊಡುತ್ತೆ, 30 ಕೊಡೋದು 12, 35 ಕೊಡೋದು 14. ಆದ್ರೆ ಬೀದಿ ಪೈಪಿಂದ ನಿಮ್ಮ ಮನೆಗೆ ಅಷ್ಟು ನೀರು ಬರ್ತಿದ್ಯಾ? ಅಡಿಗೆಮನೆ ತಣ್ಣೀರು ನಲ್ಲಿ ಪೂರ್ತಿ ತಿರುಗಿಸಿ ಒಂದು ನಿಮಿಷ ಬಕೆಟ್ ಹಿಡಿದು ಅಳೀರಿ. 11 ಲೀಟರ್ ಬಂದ್ರೆ 35 ಕಿಲೋವ್ಯಾಟಿಗೆ ಕೊಡೋ ದುಡ್ಡು ದಂಡ. ಒಂದೇ ಬಾತ್‌ರೂಮ್ ಇದ್ರೆ 28, 30 ಧಾರಾಳ, ಇನ್ನು ಅಮ್ಮ ಬಕೆಟ್ ಸ್ನಾನದವರಾಗಿದ್ರಂತೂ ಎರಡು ನಿಮಿಷಕ್ಕೆ ಬಕೆಟ್ ತುಂಬುತ್ತೆ, ಮನೆ ಹಂಡೆಗಿಂತ ಬೇಗ.

ಹೊಸದು ಬಂದ್ರೆ ಗ್ಯಾಸ್ ಬಿಲ್ ಅರ್ಧ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಇಲ್ಲಿ ಕಂಡೆನ್ಸಿಂಗ್ ಬಾಯ್ಲರೇ (ಹೊಗೇಲಿ ಹೋಗೋ ಶಾಖಾನೂ ಹಿಡ್ಕೊಳ್ಳೋದು) ಹಾಕ್ಬೇಕು ಅನ್ನೋ ರೂಲ್ ಬಂದಿದ್ದೇ 2005ರ ಏಪ್ರಿಲ್‌ನಲ್ಲಿ, ಅಂದ್ರೆ ನಿಮ್ಮ 17 ವರ್ಷದ್ದು ಕೂಡ ಹೆಚ್ಚೂಕಮ್ಮಿ ಕಂಡೆನ್ಸಿಂಗೇ. ಉಳಿತಾಯ ಬರೋದು ಟೆಂಪರೇಚರ್ ಸೆಟ್ಟಿಂಗಲ್ಲಿ. ವಾಪಸ್ ಬರೋ ನೀರು 55 ಡಿಗ್ರಿಗಿಂತ ಕೆಳಗಿದ್ರೆ ಮಾತ್ರ ಹೊಗೇಲಿರೋ ಆವಿ ನೀರಾಗಿ ಅದರ ಶಾಖ ನಮಗೆ ಸಿಗೋದು. ಬಹಳ ಜನ ಬಾಯ್ಲರಿಂದ ಹೊರಡೋ ನೀರನ್ನ 75, 80ಕ್ಕೆ ಇಟ್ಟು ಹೋಗ್ಬಿಡ್ತಾರೆ, ನೀವು ಹೀಟಿಂಗ್‌ನ 60ಕ್ಕೆ ಇಳಿಸಿ, ಮನೆ ಬೆಚ್ಚಗಾದ್ರೆ 55ಕ್ಕೆ ಇಳಿಸಿ ನೋಡಿ. ಕಾಂಬೀಲಿ ನಲ್ಲಿ ನೀರಿನ ಸೆಟ್ಟಿಂಗ್ ಬೇರೆನೇ ಇರುತ್ತೆ. ಇಂಗ್ಲೆಂಡಲ್ಲಿ 2018ರಿಂದ ಹೊಸ ಕಾಂಬಿ ಜೊತೆ ಗ್ಯಾಸ್ ಉಳಿಸೋ ಒಂದು ಎಕ್ಸ್‌ಟ್ರಾ ಸಾಧನ ಕೊಡ್ಲೇಬೇಕು ಅಂತ ಇದೆ. ಆಯ್ಕೆ ಕೇಳಿದ್ರೆ ಹೊರಗಿನ ಚಳಿ ನೋಡ್ಕೊಂಡು ತಾನೇ ನೀರಿನ ಬಿಸಿ ಹೆಚ್ಚು ಕಮ್ಮಿ ಮಾಡೋ ವೆದರ್ ಕಾಂಪನ್ಸೇಶನ್ ಕೇಳಿ, ಫೋನಲ್ಲಿ ಆಡಿಸೋ ಥರ್ಮೋಸ್ಟಾಟಿಗಿಂತ ನಂಗೆ ಅದೇ ಇಷ್ಟ.

ಕೊಟೇಶನ್ನಲ್ಲಿ ಬರಹದಲ್ಲಿ ಇರ್ಬೇಕಾದ್ದು: ಸಿಸ್ಟಮ್ ತೊಳೆತ, ರಿಟರ್ನ್ ಪೈಪಿಗೆ ಮ್ಯಾಗ್ನೆಟಿಕ್ ಫಿಲ್ಟರ್, ಇನ್‌ಹಿಬಿಟರ್, ಅಂದ್ರೆ ತುಕ್ಕು ತಡೆಯೋ ಕೆಮಿಕಲ್. ಇದು ಇನ್‌ಸ್ಟಾಲರ್ ದೊಡ್ಡಮನಸ್ಸು ಮಾಡಿ ಕೊಡೋದಲ್ಲ, ಬಿಎಸ್ 7593 ಅನ್ನೋ ಸ್ಟ್ಯಾಂಡರ್ಡ್‌ನ 2019ರ ಆವೃತ್ತೀಲೇ ಇದೆ. ವರ್ಷವರ್ಷ ಸರ್ವಿಸಲ್ಲಿ ಇನ್‌ಹಿಬಿಟರ್ ಚೆಕ್ ಮಾಡ್ಬೇಕು, ಐದು ವರ್ಷಕ್ಕೊಮ್ಮೆ ಮತ್ತೆ ಹಾಕ್ಬೇಕು ಇಲ್ಲಾ ಲ್ಯಾಬ್ ಟೆಸ್ಟ್ ಮಾಡಿಸ್ಬೇಕು. ಕೆಲಸಕ್ಕೆ ಬಂದವರ ಗ್ಯಾಸ್ ಸೇಫ್ (ಗ್ಯಾಸ್ ಕೆಲಸ ಮಾಡೋರ ಅಧಿಕೃತ ನೋಂದಣಿ) ಕಾರ್ಡ್ ಕೇಳಿ, ಹಿಂದೆ ತಿರುಗಿಸಿ ಯಾವ ಯಾವ ಕೆಲಸಕ್ಕೆ ಪರ್ಮಿಟ್ ಇದೆ ಓದಿ, ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ. 2009ರಲ್ಲೇ ಹಳೇ ನೋಂದಣಿ ಕಾರ್ಗಿ ಹೋಗಿ ಗ್ಯಾಸ್ ಸೇಫ್ ಬಂದಿದ್ರೂ ಇನ್ನೂ ಕಾರ್ಗಿ ಅನ್ನೋರಿದಾರೆ. ಮುಗಿದ ಮೇಲೆ ಬಾಯ್ಲರ್ ಹೇಗೆ ಕೂರಿಸಿದ್ರು ಅಂತ ಬರೆಯೋ ಬೆಂಚ್‌ಮಾರ್ಕ್ ಪುಸ್ತಕ ತುಂಬಿಸ್ಕೊಳ್ಳಿ, ಬಿಲ್ಡಿಂಗ್ ರೆಗ್ಯುಲೇಶನ್ ಸರ್ಟಿಫಿಕೇಟ್ ಬಂದಾಗ ಜೋಪಾನವಾಗಿಡಿ, ಮನೆ ಮಾರೋವಾಗ ಸಾಲಿಸಿಟರ್ ಕೇಳೋದೇ ಅದನ್ನ.

ಇನ್ನೊಂದು, ರೆಡಿಂಗ್ ನೀರು ಗಡುಸು. ಕೆಟಲ್ ತಳದಲ್ಲಿ ಬಿಳಿ ಸುಣ್ಣ ಕಟ್ಟಿರುತ್ತಲ್ಲ, ನಮ್ಮ ಕೋಲಾರದ ಕಡೆ ಬೋರ್ ನೀರು ಕಾಯಿಸಿದ ಪಾತ್ರೆ ತರ, ಅದೇ ಕಾಂಬೀಲಿ ನಲ್ಲಿ ನೀರು ಬಿಸಿಯಾಗೋ ಪ್ಲೇಟ್‌ನಲ್ಲೂ ಕಟ್ಟುತ್ತೆ. ಇನ್‌ಹಿಬಿಟರ್ ಇರೋದು ರೇಡಿಯೇಟರ್ ನೀರಲ್ಲಿ, ಈ ಬಿಳಿ ಸುಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. ತಣ್ಣೀರು ಒಳಗೆ ಬರೋ ಪೈಪಿಗೆ ಸ್ಕೇಲ್ ರೆಡ್ಯೂಸರ್ ಬೇರೆನೇ ಹಾಕಿಸಿ.

ಪ್ರಶ್ನೆ: ಮಿಲ್ಟನ್ ಕೀನ್ಸ್‌ನಲ್ಲಿ ನಮ್ಮನೆ ಬಾಯ್ಲರ್ ಪ್ರೆಷರ್ ವಾರಕ್ಕೊಂದ್ಸಲ ಇಳಿದುಬಿಡುತ್ತೆ, ನಾನೇ ತುಂಬಿಸ್ತೀನಿ, ಅಭ್ಯಾಸ ಆಗಿದೆ. ಹೀಗೇ ಮಾಡ್ತಿದ್ರೆ ಏನಾದ್ರೂ ತೊಂದ್ರೆ ಇದ್ಯಾ?

ಉತ್ತರ: ಇದೆ ಮೇಡಂ. ಒಂದೊಂದ್ಸಲ ತುಂಬಿಸಿದಾಗ್ಲೂ ಹೊಸ ಆಕ್ಸಿಜನ್ ಒಳಗೆ ಹೋಗುತ್ತೆ, ಇನ್‌ಹಿಬಿಟರ್ ತೆಳ್ಳಗಾಗುತ್ತೆ, ಮೇಲೆ ಹೇಳಿದ ಗಸಿ ನೀವೇ ತಯಾರು ಮಾಡಿದಂಗೆ. ತಣ್ಣಗಿದ್ದಾಗ 1ರಿಂದ 1.5 ಬಾರ್ ಇರ್ಬೇಕು, ವರ್ಷಕ್ಕೆ ಒಂದೆರಡು ಸಲ ತುಂಬಿಸಿದ್ರೆ ಪರವಾಗಿಲ್ಲ, ವಾರವಾರ ಅಂದ್ರೆ ನೀರು ಎಲ್ಲೋ ಹೋಗ್ತಿದೆ. ಮೊದ್ಲು ರೇಡಿಯೇಟರ್ ವಾಲ್ವ್‌ಗಳ ನಟ್ಟಿನ ಸುತ್ತ ಹಸಿರು ಇಲ್ಲಾ ಬಿಳಿ ಕರೆ ಕಟ್ಟಿದ್ಯಾ, ಟಿಶ್ಯೂ ಪೇಪರ್ ಸುತ್ತಿದ್ರೆ ಒದ್ದೆಯಾಗುತ್ತಾ ನೋಡಿ. ಆಮೇಲೆ ಹೊರಗೋಡೇಲಿ ಬಾಯ್ಲರ್‌ದು ಒಂದು ಸಣ್ಣ ತಾಮ್ರದ ಪೈಪು ಗೋಡೆ ಕಡೆಗೆ ಬಾಗಿರುತ್ತೆ, ಅದರ ಬಾಯಿಗೆ ರಾತ್ರಿ ಒಂದು ಪ್ಲಾಸ್ಟಿಕ್ ಕವರ್ ಸಡಿಲವಾಗಿ ಕಟ್ಟಿ. ಬೆಳಗ್ಗೆ ಅದ್ರಲ್ಲಿ ನೀರಿದ್ರೆ ಸೇಫ್ಟಿ ವಾಲ್ವ್ ಸೋರ್ತಿದೆ. ಹೀಟಿಂಗ್ ಆನ್ ಮಾಡಿದಾಗ ಮುಳ್ಳು 3ರ ಹತ್ರ ಏರಿ, ಆಫ್ ಆದ್ಮೇಲೆ ಸೊನ್ನೆಗೆ ಬೀಳ್ತಿದ್ರೆ ಎಕ್ಸ್‌ಪ್ಯಾನ್ಶನ್ ವೆಸಲ್‌ನ (ಬಿಸಿಯಾಗಿ ಹಿಗ್ಗಿದ ನೀರಿಗೆ ಜಾಗ ಕೊಡೋ ಡಬ್ಬಿ) ಗಾಳಿ ಹೋಗಿದೆ ಅಂತ ಲೆಕ್ಕ, ಅದು ಇಂಜಿನಿಯರ್ ಕೆಲಸ, ಬಾಯ್ಲರ್ ಮುಚ್ಚಳ ನೀವು ತೆಗೀಬೇಡಿ. ನೋಡಿದ ಮೇಲೆ ಕವರ್ ಮರೀದೇ ಬಿಚ್ಚಿ.

ಪ್ರಶ್ನೆ: ಬಾಯ್ಲರ್ ಬದಲು ಹೊರಗಿನ ಗಾಳಿಯ ಶಾಖ ಎಳ್ಕೊಂಡು ಕರೆಂಟಲ್ಲಿ ಓಡೋ ಹೀಟ್ ಪಂಪೇ ಹಾಕಿಸೋಣ ಅಂತಿದೀವಿ, ಆಗ ಈ ಕ್ಲೀನಿಂಗ್ ತಲೆನೋವು ಇರಲ್ವಲ್ಲ?

ಉತ್ತರ: ಇರುತ್ತೆ, ಇನ್ನೂ ಒಂದು ಕೈ ಜಾಸ್ತಿ. ಹೀಟ್ ಪಂಪ್ ಕಮ್ಮಿ ಬಿಸಿ ನೀರನ್ನ ಜಾಸ್ತಿ ಪ್ರಮಾಣದಲ್ಲಿ ಸುತ್ತಿಸುತ್ತೆ, ಅರ್ಧ ತಣ್ಣಗಿರೋ ರೇಡಿಯೇಟರ್ ಅಲ್ಲಿ ನಡೆಯಲ್ಲ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಸರ್ಕಾರ 2023ರ ಅಕ್ಟೋಬರ್‌ನಿಂದ 7,500 ಪೌಂಡ್ ಕೊಡ್ತಿದೆ, ಎಂಸಿಎಸ್ (ಹೀಟ್ ಪಂಪ್, ಸೋಲಾರ್ ಕೂರಿಸೋರ ಗುಣಮಟ್ಟದ ಸ್ಕೀಮ್) ಸರ್ಟಿಫಿಕೇಟ್ ಇರೋ ಇನ್‌ಸ್ಟಾಲರ್ ಹತ್ರ ಮಾಡಿಸ್ಬೇಕು, ಅರ್ಜಿನೂ ಅವರೇ ಹಾಕ್ತಾರೆ. ಬಿಸಿನೀರು ತುಂಬಿಡೋಕೆ ಸಿಲಿಂಡರ್, ಅಂದ್ರೆ ನೀರಿನ ಟ್ಯಾಂಕು ಬೇಕು, ಕಾಂಬಿ ಹಾಕಿಸಿದಾಗ ಕಿತ್ತು ಬಟ್ಟೆ ಕಪಾಟು ಮಾಡ್ಕೊಂಡಿದೀರಲ್ಲ, ಆ ಜಾಗ ಮೊದ್ಲು ಖಾಲಿ ಮಾಡಿ.