ಹಿತ್ತಿಲ ಮಾತು: ವಿದೇಶದಿಂದ ಮರಳಿದವರ ಕೈತೋಟ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಹೊರದೇಶದಲ್ಲಿ ದುಡಿದು, ನಿವೃತ್ತಿಯಾಗಿ, ಮೈಸೂರಿಗೆ ವಾಪಸ್ ಬಂದವರದ್ದು. ಹಾಗಾಗಿ ಪೂರ್ತಿ ಅಂಕಣ ಅವರಿಗೇ ಇರಲಿ.

ಪ್ರಶ್ನೆ: 34 ವರ್ಷ ಇಂಗ್ಲೆಂಡಿನಲ್ಲಿದ್ದು ಎರಡು ವರ್ಷದ ಹಿಂದೆ ವಿಜಯನಗರದಲ್ಲಿ ಮನೆ ಮಾಡಿದ್ದೇವೆ. ಅಲ್ಲಿ ನನ್ನ ತೋಟ ನೋಡಲು ಬೀದಿಯವರೆಲ್ಲ ಬರುತ್ತಿದ್ದರು. ಇಲ್ಲಿ ಮುಂದೆ ಲಾನ್ ಹಾಕಿಸಿದೆ, ಲ್ಯಾವೆಂಡರ್, ಗುಲಾಬಿ, ಟುಲಿಪ್ ಗೆಡ್ಡೆ ಎಲ್ಲ ನೆಟ್ಟೆ. ಟುಲಿಪ್‌ಗೆ ಎರಡು ಎಲೆ ಬಂದು ನಿಂತಿತು. ಲ್ಯಾವೆಂಡರ್ ಮಳೆಗಾಲದಲ್ಲಿ ಕೊಳೆಯಿತು. ಗುಲಾಬಿಯನ್ನು ಮಾರ್ಚ್ ಮೊದಲ ವಾರ ಕತ್ತರಿಸಿದೆ, ಏಪ್ರಿಲ್‌ಗೆ ಅರ್ಧ ಒಣಗಿತು. ದಿನಾ ಎರಡು ಹೊತ್ತು ನೀರು ಹಾಕುತ್ತೇನೆ. 67 ವರ್ಷ ನನಗೆ. ಕೈಗುಣವೇ ಹೋಯಿತಾ?
– ವಿಜಯನಗರ, ಮೈಸೂರು

ಉತ್ತರ: ಕೈಗುಣ ಎಲ್ಲೂ ಹೋಗಿಲ್ಲ. ನೀವು ಮೈಸೂರಿಗೆ ಬಂದಿರಿ, ನಿಮ್ಮ ತೋಟದ ಲೆಕ್ಕ ಇನ್ನೂ ಅಲ್ಲೇ ಇದೆ, ಅಷ್ಟೇ. ಅಲ್ಲಿ ಗಿಡ ಕಾಯಬೇಕಾದದ್ದು ಚಳಿಯಿಂದ. ಇಲ್ಲಿ ಕಾಯಬೇಕಾದದ್ದು ಫೆಬ್ರವರಿ ಕೊನೆಯಿಂದ ಮೇ ಮಳೆ ಬೀಳುವವರೆಗಿನ ಬಿಸಿಲಿನಿಂದ. ಅಲ್ಲಿ ಮಾರ್ಚ್ ಅಂದರೆ ಶುರು. ಇಲ್ಲಿ ಮಾರ್ಚ್ ಅಂದರೆ ಗಿಡ ಹೇಗಾದರೂ ಜೀವ ಹಿಡಿದುಕೊಂಡಿರಲಿ ಅನ್ನುವ ಕಾಲ. ಆಗ ಗುಲಾಬಿ ಕತ್ತರಿಸಿದರೆ ಎಳೆ ಚಿಗುರು ಬಂದು ನೇರ ಬಿಸಿಲಿಗೆ ಸಿಗುತ್ತದೆ, ಪಾಪ, ಅದು ಹೇಗೆ ತಡೆದೀತು?

ಗುಲಾಬಿಗೆ ಕತ್ತರಿ ಹಾಕುವುದು ಇಲ್ಲಿ ಅಕ್ಟೋಬರ್‌ನಲ್ಲಿ, ಜೋರು ಮಳೆ ಹಿಂದೆ ಸರಿದ ಮೇಲೆ. ಅಲ್ಲಿಂದ ಸುಮಾರು 45 ದಿನಕ್ಕೆ ಹೂ. ನವೆಂಬರ್ ಕೊನೆಯಿಂದ ಸಂಕ್ರಾಂತಿವರೆಗೆ ನಿಮ್ಮ ಗುಲಾಬಿ ಅಲ್ಲಿಯ ಜೂನ್ ಥರ ಇರುತ್ತದೆ. ಫ್ಲಾಕ್ಸ್, ಪೆಟೂನಿಯಾ, ಹಾಲಿಹಾಕ್, ಸ್ವೀಟ್ ಪೀ, ಇವೆಲ್ಲವೂ ಹಾಗೆಯೇ. ನೀವು ಅಲ್ಲಿ ಬೇಸಿಗೆಗೆ ಅಂತ ಬೆಳೆಯುತ್ತಿದ್ದದ್ದನ್ನು ಇಲ್ಲಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿ, ಚಳಿಗಾಲಕ್ಕೆ ಹೂ ನೋಡಿ. ದಸರಾ ಸಮಯದಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಕುಂಡಗಳ ಹತ್ತಿರ ಬಗ್ಗಿ ನೋಡಿ, ಈ ಊರಿನ ಹವೆಗೆ ಯಾವುದು ಒಗ್ಗುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಟುಲಿಪ್ ಬಿಟ್ಟುಬಿಡಿ. ಅದರ ಗೆಡ್ಡೆಗೆ ಮೂರು ತಿಂಗಳಿಗೂ ಮೇಲೆ ಗಟ್ಟಿ ಚಳಿ ಬೇಕು, ಆಮೇಲೇ ಹೂವಿನ ಕಾಂಡ ಏಳುವುದು. ನಮ್ಮ ಡಿಸೆಂಬರ್ ರಾತ್ರಿಯ ಚಳಿ ಅದಕ್ಕೆ ಏನೇನೂ ಸಾಲದು. ಫ್ರಿಜ್‌ನಲ್ಲಿ ಇಟ್ಟು ಒಂದು ಸಲ ಹೂ ಬಿಡಿಸಬಹುದು, ಆದರೆ ಪ್ರತಿ ವರ್ಷ ಹೊಸ ಗೆಡ್ಡೆ ತರಿಸಬೇಕು. ಅದರ ಬದಲು ಸುಗಂಧರಾಜ ನೆಡಿ. ಒಂದು ಸಲ ನೆಟ್ಟರೆ ಎರಡು ಮೂರು ವರ್ಷ ಸಂಜೆ ಹೊತ್ತು ಜಗಲಿ ತುಂಬ ಘಮ ಇರುತ್ತದೆ.

ಇನ್ನು ನೀರು. ಒಂದು ಕೆಲಸ ಮಾಡಿ. ಸಂಜೆ ನೀರು ಹಾಕಿ ಅರ್ಧ ಗಂಟೆ ಬಿಟ್ಟು, ಗುಲಾಬಿ ಬುಡದಿಂದ ಒಂದು ಗೇಣು ಆಚೆ ಸಣ್ಣ ಗುದ್ದಲಿಯಲ್ಲಿ ಕೆದಕಿ ನೋಡಿ. ಮೇಲೆ ಒಂದು ಇಂಚು ಕೆಮ್ಮಣ್ಣು ಕುಂಕುಮದ ಹಾಗೆ ಒದ್ದೆ ಇರುತ್ತದೆ, ಅದರ ಕೆಳಗೆ ಬೂದಿ ಥರ ಒಣ. ದಿನಾ ಎರಡು ಹೊತ್ತು ಸ್ವಲ್ಪ ಸ್ವಲ್ಪ ಹಾಕಿದರೆ ಆಗುವುದು ಇದೇ. ಬೇರು ನೀರು ಹುಡುಕಿಕೊಂಡು ಮೇಲೇ ಉಳಿಯುತ್ತದೆ, ಮೇಲಿನ ಮಣ್ಣು ಕಾದರೆ ಬೇರು ಬೇಯುತ್ತದೆ. ಬುಡಕ್ಕೆ ಅಗಲ ಪಾತಿ ಮಾಡಿ, ಎರಡು ಮೂರು ದಿನಕ್ಕೊಮ್ಮೆ ಪಾತಿ ತುಂಬ ನೀರು ಕೊಡಿ, ಮೇಲೆ ತರಗೆಲೆ ನಾಲ್ಕು ಬೆರಳು ದಪ್ಪ ಹೊದಿಸಿ. ಬೀದಿ ಮರಗಳ ಎಲೆ ಗುಡಿಸಿ ಬೆಂಕಿ ಹಚ್ಚುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ, ಅದು ಚಿನ್ನ. ಕೇಳಿ ತಂದುಕೊಳ್ಳಿ.

ಕೊಟ್ಟಿಗೆ ಗೊಬ್ಬರ ಹಾಕುವಾಗ ಮಾತ್ರ ಎಚ್ಚರ. ನಾನು ಒಂದು ವರ್ಷ ಸರಿಯಾಗಿ ಕಳಿಯದ ಸಗಣಿ ಗೊಬ್ಬರ ಹಾಕಿ ಆರು ಗುಲಾಬಿ ಕಳೆದುಕೊಂಡೆ. ಕಿತ್ತು ನೋಡಿದರೆ ಬೇರಿನ ಹತ್ತಿರ ಬಿಳಿ ಗೊಣ್ಣೆ ಹುಳ, ಬೆರಳಿನಷ್ಟು ದಪ್ಪ. ಕೈಯಲ್ಲಿ ಹಿಡಿದರೆ ಕಪ್ಪಗೆ, ಪುಡಿಪುಡಿಯಾಗಿ, ಸಗಣಿ ವಾಸನೆ ಇಲ್ಲದೆ ಇದ್ದರೆ ಮಾತ್ರ ತೆಗೆದುಕೊಳ್ಳಿ. ಒಂದು ಬಾಂಡ್ಲಿಗೆ ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ.

ಇನ್ನೊಂದು ವಿಷಯ ಅಲ್ಲಿಂದ ಬಂದವರಿಗೆ ಹೊಳೆಯುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ, ಹಾಗಾಗಿ ತೋಟ ಅಂದರೆ ದಕ್ಷಿಣ ದಿಕ್ಕು. ಇಲ್ಲಿ ಏಪ್ರಿಲ್ 22ರ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಮೇಲೆ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ನೆರಳು ಅಂತ ನಂಬಿ ಉತ್ತರ ಗೋಡೆಗೆ ಇಟ್ಟ ಜರಿಗಿಡ ಮೇ ತಿಂಗಳಲ್ಲಿ ಸುಟ್ಟುಹೋಗುವುದು ಇದಕ್ಕೇ. ಇನ್ನು ಎಲ್ಲಕ್ಕಿಂತ ಕೆಟ್ಟದ್ದು ಪಶ್ಚಿಮದ ಮೂರು ಗಂಟೆ ಬಿಸಿಲು. ಆ ಕಡೆ ನುಗ್ಗೆ, ಕರಿಬೇವು, ಪಪ್ಪಾಯಿ ಹಾಕಿ. ಅವು ತಡೆಯುತ್ತವೆ, ನಿಮ್ಮ ಗುಲಾಬಿಗೆ ನೆರಳೂ ಆಗುತ್ತವೆ.

ಲಾನ್ ಬಗ್ಗೆ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕಾವೇರಿ, ಕಬಿನಿ ನೀರು ಕುಡಿಯುವ ಊರಿನಲ್ಲಿ ಏಪ್ರಿಲ್‌ನಲ್ಲಿ ಹುಲ್ಲಿಗೆ ಪೈಪ್ ಹಿಡಿದು ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ. ಅರ್ಧ ತೆಗೆಯಿರಿ. ಅಲ್ಲಿ ದಂಟು, ಹರಿವೆ ಹಾಕಿ, ಒಂದು ತಿಂಗಳಿಗೆಲ್ಲ ಸಾರಿಗೆ ಸೊಪ್ಪು. ಆಷಾಢ–ಶ್ರಾವಣದಲ್ಲಿ ನಾಲ್ಕು ಅವರೆ ಬೀಜ ಹಾಕಿ ಚಪ್ಪರ ಹತ್ತಿಸಿ. ಹಗಲು ಕಡಿಮೆಯಾಗುತ್ತಾ ಬಂದಾಗಲೇ ನಾಟಿ ಅವರೆ ಹೂ ಬಿಡುವುದು, ಆಮೇಲೆ ಇಬ್ಬನಿ ಬಿದ್ದಾಗ ಆ ಸೊಗಡು. ಮೂವತ್ತನಾಲ್ಕು ವರ್ಷ ನೀವು ಅದನ್ನು ನೆನೆಸಿಕೊಂಡಿಲ್ಲ ಅಂದರೆ ನಾನು ನಂಬುವುದಿಲ್ಲ.

ಕೃಂಬಿಗಲ್ ಅವರನ್ನು ನೆನಪಿಸಿಕೊಳ್ಳಿ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡದಲ್ಲಿದ್ದು, 1908ರಲ್ಲಿ ಲಾಲ್‌ಬಾಗ್‌ಗೆ ಬಂದವರು. ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಶುರುವಾಗಬೇಕು ಅಂತ ಲೆಕ್ಕ ಹಾಕಿ ಬೀದಿಗಳಿಗೆ ಮರ ಆರಿಸಿದರು. ಇಲ್ಲಿಯ ಋತು ಕಲಿಯದೆ ಅದು ಆಗುತ್ತಿತ್ತಾ? ನೀವೂ ಒಂದು ವರ್ಷ ದೊಡ್ಡದೇನೂ ನೆಡಬೇಡಿ. ಬಿಸಿಲು ಎಲ್ಲಿ ಬೀಳುತ್ತದೆ, ಮಳೆ ನೀರು ಎಲ್ಲಿ ನಿಲ್ಲುತ್ತದೆ, ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಪ್ರಶ್ನೆ: ಬೆಳಿಗ್ಗೆ ವಾಕಿಂಗ್ ಬರುವವರು ನಮ್ಮ ಕಾಂಪೌಂಡ್ ಮೇಲಿಂದ ಕೈ ಹಾಕಿ ದಾಸವಾಳ, ನಂದಿಬಟ್ಟಲು ಕೀಳುತ್ತಾರೆ. ಚೀಲ ತಂದಿರುತ್ತಾರೆ! ನಾನು 28 ವರ್ಷ ಕೆನಡಾದಲ್ಲಿದ್ದೆ, ಅಲ್ಲಿ ಯಾರೂ ಹೀಗೆ ಮಾಡುವುದಿಲ್ಲ. ಜಗಳ ಆಡಲೂ ಮನಸ್ಸಿಲ್ಲ, ಸುಮ್ನೆ ಇರಲೂ ಆಗುತ್ತಿಲ್ಲ.
– ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ನೀರು ಹಾಕಿ ಸಾಕಿದವರಿಗೆ ಒಂದು ಹೂವೂ ಉಳಿಯದಿದ್ದರೆ ಬೇಜಾರಾಗದೆ ಇರುತ್ತಾ? ಕೇಳದೆ ಕೀಳುವುದು ತಪ್ಪು. ದೇವರಿಗೆ ಅಂದ ಮಾತ್ರಕ್ಕೆ ಸರಿಯಾಗುವುದಿಲ್ಲ.

ಆದರೆ ನನ್ನ ಅನುಭವ ಒಂದು ಹೇಳಲೇ? ನಮ್ಮ ಬೀದಿಯಲ್ಲೂ ಒಬ್ಬರು ಅಜ್ಜಿ ಹಾಗೇ ಕೀಳುತ್ತಿದ್ದರು. ಒಂದು ದಿನ ಬೆಳಿಗ್ಗೆ ಆರು ಗಂಟೆಗೇ ಗೇಟ್ ಹತ್ತಿರ ಕಾಫಿ ಲೋಟ ಹಿಡಿದು ನಿಂತೆ. "ಅಜ್ಜಿ, ಈ ಕೊಂಬೆದು ನೀವು ಕಿತ್ಕೊಳ್ಳಿ, ಆ ಕೊಂಬೆದು ನಮಗಿರಲಿ" ಅಂದೆ. ಅವರು ನಾಚಿಕೊಂಡರು. ಮಾರನೆಯ ವಾರ ಒದ್ದೆ ಬಟ್ಟೆಯಲ್ಲಿ ಸುತ್ತಿ ಆರು ಮೈಸೂರು ಮಲ್ಲಿಗೆ ಕಡ್ಡಿ ತಂದುಕೊಟ್ಟರು. ಹೇಗೆ ನೆಡಬೇಕು, ನವೆಂಬರ್‌ನಲ್ಲಿ ನೀರು ಕಡಿಮೆ ಮಾಡಿ ಯಾವಾಗ ಸವರಬೇಕು, ಎಲ್ಲ ನಿಂತು ಹೇಳಿದರು. ಅದರಲ್ಲಿ ನಾಲ್ಕು ಬದುಕಿ ಈಗ ಮಾರ್ಚ್ ಬಂದರೆ ಮೊರ ತುಂಬ ಮೊಗ್ಗು. ಅವರು ಈಗಿಲ್ಲ. ಮೊದಲ ಮೊಗ್ಗು ಬಿಟ್ಟ ದಿನ ಒಂದು ಮೊಳ ಕಟ್ಟಿ ಅವರ ಸೊಸೆಗೆ ಕೊಟ್ಟುಬರುತ್ತೇನೆ.

ಕಾಂಪೌಂಡ್ ಪಕ್ಕ ಒಂದು ಪಾರಿಜಾತ ಹಾಕಿ, ಅರ್ಧ ಹೊರಗೆ ಬಾಗಲಿ. ಬೆಳಿಗ್ಗೆ ಹೊತ್ತಿಗೆ ಅದೇ ಉದುರುತ್ತದೆ, ಯಾರು ಬೇಕಾದರೂ ಆರಿಸಿಕೊಳ್ಳಲಿ. ಹಳದಿ ಹೂವಿನ ಕಾಸಿ ಕಣಗಿಲೆ ಮಾತ್ರ ಮೊಮ್ಮಕ್ಕಳು ಓಡಾಡುವ ಕಡೆ ಬೇಡ, ಅದರ ಬೀಜ ಭಾರಿ ವಿಷ.

ಪ್ರಶ್ನೆ: ನಮ್ಮದು ಅಮೆರಿಕದ ಪಾಸ್‌ಪೋರ್ಟ್, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದೆ. ಶ್ರೀರಂಗಪಟ್ಟಣದ ಹತ್ತಿರ ಒಂದೆರಡು ಎಕರೆ ಗದ್ದೆ ಕೊಂಡು ತೋಟ ಮಾಡುವ ಆಸೆ.
– ಮಂಡ್ಯ

ಉತ್ತರ: ಒಸಿಐ ಇರುವವರು ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಮನೆ, ಸೈಟು ಕೊಳ್ಳಬಹುದು. ಅಪ್ಪ ಅಮ್ಮನಿಂದ ಪಿತ್ರಾರ್ಜಿತವಾಗಿ ಬಂದ ಜಮೀನಿದ್ದರೆ ಆ ಮಾತು ಬೇರೆ. ಬೇರೆಯವರ ಹೆಸರಲ್ಲಿ ಮಾಡಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಡ್ವಾನ್ಸ್ ಕೊಡುವ ಮುಂಚೆ ಒಬ್ಬ ಒಳ್ಳೆಯ ವಕೀಲರನ್ನು ಕಾಣಿ. ಸೈಟಿನಲ್ಲಿ ಒಂದು ತೆಂಗು, ಒಂದು ಕಸಿ ಮಾವು, ಎರಡು ನಂಜನಗೂಡು ರಸಬಾಳೆ ಹಾಕಿದರೂ ಕೈ ತುಂಬ ಕೆಲಸ ಇರುತ್ತದೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ಮೂರು ವಾರ ಮಗಳ ಮನೆಗೆ ಹೋಗಬೇಕು. ತಾರಸಿ ಮೇಲೆ 40 ಕುಂಡ ಇವೆ. ಮಾಲಿ ಸಿಗುತ್ತಿಲ್ಲ.
– ಸರಸ್ವತಿಪುರಂ, ಮೈಸೂರು

ಉತ್ತರ: ಎಲ್ಲ ಕುಂಡಗಳನ್ನೂ ಕೆಳಗೆ ಇಳಿಸಿ, ಮರದ ನೆರಳಲ್ಲಿ ಒತ್ತೊತ್ತಾಗಿ ಗುಂಪು ಮಾಡಿ. ನೀವೇ ಹೊರಬೇಡಿ, ಯಾರಾದರೂ ಹುಡುಗರನ್ನು ಕರೆಯಿರಿ. ತೆಂಗಿನ ಸಿಪ್ಪೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಮಣ್ಣಿನ ಮೇಲೆ ಮುಚ್ಚಿ, ಅದು ನೀರು ಹಿಡಿದಿಡುತ್ತದೆ. ಆದರೂ ಮೂರು ವಾರ ತಡೆಯುವುದಿಲ್ಲ, ಪಕ್ಕದ ಮನೆಯವರಿಗೆ ಎರಡು ದಿನಕ್ಕೊಮ್ಮೆ ಪೈಪ್ ಹಿಡಿಯಲು ಹೇಳಿ. ಕುಂಡದ ಕೆಳಗಿನ ತಟ್ಟೆ ಎಲ್ಲ ತೆಗೆದು ಬೋರಲು ಹಾಕಿ. ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಹತ್ತೇ ದಿನದಲ್ಲಿ ಮೊಟ್ಟೆಯಿಂದ ಹಾರುವಷ್ಟಾಗುತ್ತದೆ. ಬೆಂಡೆ, ಸೌತೆ ಬಿಟ್ಟಿದ್ದರೆ ನೀರು ಹಾಕುವವರಿಗೇ ಕಿತ್ತುಕೊಳ್ಳಲು ಹೇಳಿ ಹೋಗಿ. ಕೀಳದೆ ಬಲಿಯಲು ಬಿಟ್ಟರೆ ಗಿಡ ಹೊಸ ಕಾಯಿ ಬಿಡುವುದನ್ನೇ ನಿಲ್ಲಿಸುತ್ತದೆ, ನೀವು ಬರುವ ಹೊತ್ತಿಗೆ ಏನೂ ಇರುವುದಿಲ್ಲ.